ನರ್ಸಮ್ಮನ ಸತ್ಯವೇದದ ಅಂಚು

ಮನುಷ್ಯನಿಗೆ ಕಿವಿ ಇರಬೇಕು, ಒಪ್ಪೋಣ. ಆದರೆ ಇಷ್ಟು ಇರಬೇಕೆ? ಪುಸ್ತಕ ಕಟ್ಟುವ ಈ ಬೈಂಡರನನ್ನು ಮೊದಲ ಸಲ ಕಂಡವರಿಗೆಲ್ಲ ಬರುತ್ತಿದ್ದ ಪ್ರಶ್ನೆ ಇದು. ತಲೆಯ ಎರಡು ಕಡೆಗೂ ಯಾರೋ ಮೊರ ಸಿಕ್ಕಿಸಿಹೋದ ಹಾಗಿದ್ದವು. ಕಿಟಕಿಗೆ ಬೆನ್ನು ಹಾಕಿ ನಿಂತರೆ ಬೆಳಕು ಅವುಗಳನ್ನು ಹಾದು ಕೆಂಪಗೆ ಈಚೆ ಬರುತ್ತಿತ್ತು. ಶಾಲೆಯಲ್ಲಿ ಅಂಟಿದ 'ಮೊರಗಿವಿ' ಎಂಬ ಅಡ್ಡಹೆಸರು ಅರವತ್ತು ತುಂಬಿದರೂ ಬಿಟ್ಟಿರಲಿಲ್ಲ. ವಯಸ್ಸಾಯಿತಲ್ಲ ಎಂದು ಜನ ಮರ್ಯಾದೆಗೆ ಒಂದು 'ಅಣ್ಣ' ಸೇರಿಸಿ ಮೊರಗಿವಿಯಣ್ಣ ಮಾಡಿದ್ದರು, ಅಷ್ಟೇ. ಅವನಿಗೂ ಬೇಸರವಿರಲಿಲ್ಲ. ಕರೆದರೆ ತಿರುಗಿ ನೋಡುತ್ತಿದ್ದ.

ಮದುವೆಯಾದ ಹೊಸದರಲ್ಲಿ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು. ಸುಮ್ಮನೆ ಕರೆಯುವುದಲ್ಲ, ಕಳ್ಳಹೆಜ್ಜೆಯಲ್ಲಿ ಹಿಂದಿನಿಂದ ಬಂದು ಕಿವಿ ಹಿಡಿದೆಳೆದು, "ಏನ್ರೀ ಮೊರಗಿವಿಯವರೇ, ಊಟಕ್ಕೆ ಬರ್ತೀರೋ, ಇಲ್ಲ ಅಲ್ಲೇ ಕೂತು ಅಂಟು ತಿಂತೀರೋ?" ಎನ್ನುತ್ತಿದ್ದಳು. ಮೂರನೆಯ ವರ್ಷಕ್ಕೆ ಅದು ನಿಂತುಹೋಯಿತು. ಕಿವಿ ಎಳೆಯುವುದೂ ನಿಂತಿತು, ಹೆಸರೂ ನಿಂತಿತು. ಯಾಕೆಂದು ಅವನು ಕೇಳಲಿಲ್ಲ. ವಯಸ್ಸಿನ ಜೊತೆ ಗಾಂಭೀರ್ಯ ಬಂದಿರಬೇಕು ಎಂದುಕೊಂಡ. ಇಂಥ ವಿಷಯಗಳಲ್ಲಿ ತಮಗೆ ಅನುಕೂಲವಾಗುವಂತೆ ಏನಾದರೊಂದು ಅಂದುಕೊಳ್ಳುವುದರಲ್ಲಿ ಗಂಡಸರು ಬಹಳ ಜಾಣರು.

ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಒಂದು ಮೂಲೆಯಲ್ಲಿ ಕೈಚಕ್ರದ ಕಟಿಂಗ್ ಮಷಿನ್, ಅದರ ಪಕ್ಕ ಕಟ್ಟಿದ ಪುಸ್ತಕವನ್ನು ಬಿಗಿಯಾಗಿ ಹಿಡಿಯುವ ತಿರುಪಿನ ಪ್ರೆಸ್ಸು, ಕಿಟಕಿಯ ಕೆಳಗೆ ಹೊಲಿಗೆಯ ಮೇಜು. ಹೊಲಿಗೆ ಹೆಂಡತಿಯದು, ರಟ್ಟು ಮತ್ತು ಅಂಚು ಅವನದು. ಆ ಅಂಚಿನ ಮೇಲೆ ಅವನಿಗೆ ಎಲ್ಲಿಲ್ಲದ ಜಂಬ. ಅಲಗು ಇಳಿದ ಮೇಲೆ ಪುಸ್ತಕದ ಮೂರು ಅಂಚುಗಳ ಮೇಲೂ ಬೆರಳಾಡಿಸಿ, "ಬೆಣ್ಣೆ, ಬೆಣ್ಣೆ" ಎನ್ನುತ್ತಿದ್ದ.

ಅವನಿಗೆ ಇನ್ನೊಂದು ನಿಯಮವಿತ್ತು. ಕಸುಬು ಕಲಿಸಿದ ಸೋದರಮಾವ ಮೊದಲ ದಿನವೇ ಹೇಳಿಕೊಟ್ಟದ್ದು: ಒಳಗಿನದು ಬರೆದವರಿಗೆ ಸೇರಿದ್ದು, ನಮ್ಮ ಪಾಲಿಗೆ ಹೊರಗಿನದು ಮಾತ್ರ. ಜನ ದಿನಚರಿ ತರುತ್ತಿದ್ದರು, ಪ್ರಾರ್ಥನೆ ಬರೆದಿಟ್ಟ ನೋಟುಪುಸ್ತಕ ತರುತ್ತಿದ್ದರು, ಸತ್ತವರ ಕಾಗದಗಳ ಕಟ್ಟು ತರುತ್ತಿದ್ದರು. ಅವನು ಒಂದು ಸಾಲನ್ನೂ ಓದಿದವನಲ್ಲ. ಪಾಸ್ಟರಮ್ಮನ ಹತ್ತು ವರ್ಷದ ದಿನಚರಿಯನ್ನು ಒಂದೇ ಪುಸ್ತಕವಾಗಿ ಕಟ್ಟಿಕೊಟ್ಟಾಗ, ಪಾಸ್ಟರರ ಬಗ್ಗೆ ಅದರಲ್ಲಿ ಏನಿದೆಯೆಂದು ತಿಳಿಯಲು ಚರ್ಚಿನ ಅರ್ಧ ಸಭೆ ತುದಿಗಾಲಲ್ಲಿ ನಿಂತಿತ್ತು. ಅವನ ಬಾಯಿಂದ ಒಂದು ಮಾತೂ ಹೊರಬರಲಿಲ್ಲ. ಹೊರಗೆ ಬರಲು ಮೊದಲು ಒಳಗೆ ಹೋಗಿರಬೇಕಲ್ಲ!

ದೇವರ ಜೊತೆಗೂ ಅವನದು ಹೊರಗಿನ ಸಂಬಂಧವೇ. ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದ. ಬಾಗಿಲ ಪಕ್ಕದ ಕೊನೆಯ ಬೆಂಚು ಅವನದು. ಹರಿದ ಹಾಡಿನ ಪುಸ್ತಕಗಳನ್ನು ಸೇವೆಯೆಂದು ಕಟ್ಟಿಕೊಡುತ್ತಿದ್ದ. ಎಲ್ಲರೂ ಹೇಳುವ ಪ್ರಾರ್ಥನೆಯನ್ನು ಎಲ್ಲರ ಜೊತೆ ಹೇಳುತ್ತಿದ್ದ. "ಇನ್ನು ನಿಮ್ಮ ನಿಮ್ಮ ಮನಸ್ಸಿನಲ್ಲಿರುವುದನ್ನು ಕರ್ತನಿಗೆ ಹೇಳಿಕೊಳ್ಳಿ" ಎಂದು ಪಾಸ್ಟರರು ಎಲ್ಲರ ಕಣ್ಣು ಮುಚ್ಚಿಸಿದಾಗ ಮಾತ್ರ ಅವನು ಕಣ್ಣು ಬಿಟ್ಟುಕೊಂಡು, ಮುಂದಿನವರ ಕೈಯಲ್ಲಿದ್ದ ಪುಸ್ತಕದ ಬೆನ್ನು ಸಡಿಲವಾಗಿದೆಯೋ ಹೇಗೆ ಎಂದು ನೋಡುತ್ತಾ ಕೂರುತ್ತಿದ್ದ.

ಇಂಥವನ ಅಂಗಡಿಗೆ ಒಂದು ಸೋಮವಾರ ನರ್ಸಮ್ಮ ಬಂದಳು. ಹೆರಿಗೆ ಆಸ್ಪತ್ರೆಯಲ್ಲಿ ನಲವತ್ತು ವರ್ಷ ದುಡಿದು ನಿವೃತ್ತಳಾದ ಮುದುಕಿ. ಮದುವೆಯಿಲ್ಲ, ಮಕ್ಕಳಿಲ್ಲ, ಅರ್ಧ ಊರು ಅವಳ ಕೈಯಲ್ಲೇ ಕಣ್ಣು ಬಿಟ್ಟಿತ್ತು. ಎದೆಗವಚಿಕೊಂಡು ತಂದ ಬಟ್ಟೆಯ ಗಂಟನ್ನು ಮೇಜಿನ ಮೇಲೆ ಬಿಚ್ಚಿದಳು. ಒಳಗೆ ಅವಳ ಬೈಬಲ್ಲು, ಓದಿ ಓದಿ ಸವೆದ ಸತ್ಯವೇದ, ಬೆನ್ನು ಮುರಿದು, ಹಾಳೆಗಳು ಮೂಲೆ ಮಡಿಸಿಕೊಂಡು, ಒಂದು ನೂಲಿನ ಮೇಲೆ ಜೀವ ಹಿಡಿದಿತ್ತು.

"ಕಣ್ಣಿನ ಪೊರೆ ತೆಗೆಸ್ತಾ ಇದೀನಿ ಮಗಾ," ಎಂದಳು. "ಮೂರು ವಾರ ಏನೂ ಓದೋ ಹಾಗಿಲ್ಲವಂತೆ, ಆಮೇಲೆ ಹೊಸ ಕನ್ನಡಕ. ಹೇಗೂ ಸುಮ್ಮನೆ ಕೂತಿರ್ತೀನಲ್ಲ, ಅಷ್ಟರಲ್ಲಿ ಇದನ್ನ ಕಟ್ಟಿಕೊಡು. ಜೋಪಾನ ಕಣಪ್ಪಾ, ನನ್ನ ಜೀವ ಇರೋದೇ ಇದರಲ್ಲಿ."

"ಆಗಲಿ ನರ್ಸಮ್ಮ," ಎಂದ. ಪುಸ್ತಕ ತಂದವರೆಲ್ಲ ಹೇಳುವುದು ಅದನ್ನೇ. ಅವಳ ಮುಖ ಮಾತ್ರ ನೋಡಲಿಲ್ಲ. ಮೂವತ್ತೊಂದು ವರ್ಷದಿಂದ ಅವನು ಆ ಮುಖವನ್ನು ನೆಟ್ಟಗೆ ನೋಡಿರಲಿಲ್ಲ. ದಾರಿಯಲ್ಲಿ ಎದುರಾದರೆ ಒಂದು ನಮಸ್ಕಾರ ಬಿಸಾಕಿ ಆಚೆ ಬದಿಗೆ ದಾಟಿಬಿಡುತ್ತಿದ್ದ.

ಮೂವತ್ತೊಂದು ವರ್ಷದ ಹಿಂದೆ, ಹೆರಿಗೆ ಆಸ್ಪತ್ರೆಯ ಕಾರಿಡಾರಿನಲ್ಲಿ, ಇದೇ ನರ್ಸಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಅವನ ಹತ್ತಿರ ಬಂದಿದ್ದಳು. ಮಗು ಅತ್ತಿರಲಿಲ್ಲ. ಉಸಿರಾಡಿರಲೇ ಇಲ್ಲ. "ಹೆಣ್ಣು ಮಗು. ಒಂದು ಸಲ ನೋಡ್ತೀಯಾ ಮಗಾ?" ಎಂದು ಕೇಳಿದಳು. "ಬೇಡ ನರ್ಸಮ್ಮ, ನಾನು ನೋಡಲ್ಲ," ಎಂದು ಅವನು ಗೋಡೆಗೆ ಮುಖ ತಿರುಗಿಸಿದ. ಆ ಗೋಡೆಯ ಸುಣ್ಣ ಎಲ್ಲೆಲ್ಲಿ ಎದ್ದಿತ್ತೆಂದು ಇವತ್ತು ಕೇಳಿದರೂ ಹೇಳಬಲ್ಲ. ಒಳಗೆ ಮಂಚದ ಮೇಲೆ ಹೆಂಡತಿ ಆ ಮಗುವನ್ನು ಒಂದು ಗಂಟೆ ಎದೆಗೆ ಒತ್ತಿಕೊಂಡು ಮಲಗಿದ್ದಳಂತೆ. ಸಂಜೆ ಅವನು ಮುಚ್ಚಿದ ಪುಟ್ಟ ಪೆಟ್ಟಿಗೆಯ ಹಿಂದೆ ನಡೆದು ಹೋಗಿ ಮಣ್ಣು ಹಾಕಿ ಬಂದ. ಮನೆಗೆ ಬಂದ ಮೇಲೆ ಆ ಮಾತು ಎತ್ತಲಿಲ್ಲ, ಎತ್ತಲು ಬಿಡಲೂ ಇಲ್ಲ. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ.

ಪ್ರತಿ ವರ್ಷ ಆ ದಿನ ಬರುವ ವಾರದಲ್ಲಿ ಹೆಂಡತಿ ಚೀಲಕ್ಕೆ ಎರಡು ಸೀರೆ ತುರುಕಿ, "ಅಕ್ಕನ ಮನೆಗೆ ಹೋಗಿ ಬರ್ತೀನಿ ರೀ" ಎನ್ನುತ್ತಿದ್ದಳು. "ಹೂಂ, ಹೋಗಿ ಬಾ" ಎನ್ನುತ್ತಿದ್ದ. ಯಾಕೆ ಇದೇ ವಾರ ಎಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಈ ಮನೆಯಲ್ಲಿ ಅಳಲು ಜಾಗವಿಲ್ಲದ್ದಕ್ಕೆ ಆ ಹೆಂಗಸು ಬಸ್ಸು ಹತ್ತಿ ಹೋಗಿ ಅಳಬೇಕಾಗಿತ್ತು. ಇವನು ಆ ವಾರವೆಲ್ಲ ಮೈಮೇಲೆ ಬಂದವರ ಹಾಗೆ ಕೆಲಸ ಮಾಡುತ್ತಿದ್ದ. ಕೈಗೆ ಏನು ಸಿಕ್ಕರೂ ಹೊಲಿ, ಒತ್ತು, ಕತ್ತರಿಸು.

ನರ್ಸಮ್ಮ ಪುಸ್ತಕ ತಂದದ್ದು ಅದೇ ವಾರ. ಹೆಂಡತಿ ಆಗಲೇ ಹೊರಟುಹೋಗಿದ್ದಳು. ಅವಳಿದ್ದು ತಾನೇ ಹೊಲಿದಿದ್ದರೆ ಮುಂದಿನದ್ದು ನಡೆಯುತ್ತಿರಲಿಲ್ಲ. ಅವಳು ಹಾಳೆ ನೋಡಿಯೇ ಸೂಜಿ ಚುಚ್ಚುವವಳು. ಇವನು ಫಾರಂಗಳನ್ನು, ಎಂದರೆ ಮಡಿಸಿದ ಹಾಳೆಗಳ ಕಟ್ಟುಗಳನ್ನು, ಬಿಡಿಸಿ, ಬುಡದಲ್ಲಿ ಅಚ್ಚಾದ ಸಂಖ್ಯೆಯನ್ನಷ್ಟೇ ನೋಡಿ ಜೋಡಿಸಿ ಹೊಲಿದ. ಹಾಳೆಯ ಬದಿಗಳಲ್ಲಿ ನೀಲಿ ಶಾಯಿಯಲ್ಲಿ ಏನೋ ಬರೆದಿದೆಯೆಂದು ಗೊತ್ತಾಗಿತ್ತು. ಗೊತ್ತಾದದ್ದಕ್ಕೇ ಕಣ್ಣು ಪಕ್ಕಕ್ಕೆ ಸರಿಸಿದ. ಬೇರೆಯವರ ಬರಹ, ಅದರಲ್ಲೂ ಆ ಹೆಂಗಸಿನದು, ನಮಗೇಕೆ?

ಗುರುವಾರ ಆ ದಿನ ಕಳೆಯಿತು. ಶುಕ್ರವಾರ ಅವನು ಹೊಲಿದ ಪುಸ್ತಕವನ್ನು ಮಷಿನ್ನಿಗಿಟ್ಟ. ಅಂಚೆಲ್ಲ ಹಳದಿಗಟ್ಟಿ ಇಲಿ ಕಡಿದಂತಿತ್ತು. ಎಂದಿಗಿಂತ ತುಸು ಹೆಚ್ಚೇ ಒಳಗೆ ಸರಿಸಿ, ಚಕ್ರ ತಿರುಗಿಸಿದ. ಒಂದು ಬೆರಳಿನಷ್ಟು ಅಗಲದ ಎಳೆಗಳು ಉದುರಿ ಕೆಳಗಿನ ಗೋಣಿಚೀಲಕ್ಕೆ ಬಿದ್ದವು. ಬೆಣ್ಣೆ. ಬೆನ್ನಿಗೆ ಅಂಟು ಬಳಿದು ಪ್ರೆಸ್ಸಿನಲ್ಲಿ ಬಿಗಿದು ಎದ್ದ.

ಶನಿವಾರ ಬೆಳಿಗ್ಗೆ ರದ್ದಿಯವನು ಬಂದು ಚೀಲ ಹೊತ್ತುಕೊಂಡು ಹೋದ. ಆಮೇಲೆ ಇವನು ಪ್ರೆಸ್ಸಿನ ತಿರುಪು ಸಡಿಲಿಸಿ ಪುಸ್ತಕವನ್ನು ಕಿಟಕಿಯ ಬೆಳಕಿಗೆ ತಂದು ಅಂಚಿನ ಮೇಲೆ ಬೆರಳಾಡಿಸಿದ. ಬೆಳ್ಳಗಿನ ಹೊಸ ಅಂಚಿನ ಉದ್ದಕ್ಕೂ ಸಾಸಿವೆಗಿಂತ ಸಣ್ಣ ನೀಲಿ ಚುಕ್ಕೆಗಳು. ಕಾಗದಕ್ಕೆ ನೀಲಿ ಎಲ್ಲಿಂದ ಬಂತು? ತಲೆ ಕೆರೆದುಕೊಂಡ. ಮರುಗಳಿಗೆ ಹಾಳೆಯ ಬದಿಯ ನೀಲಿ ಬರಹ ನೆನಪಾಯಿತು. ಪುಸ್ತಕ ತೆರೆದ. ಜೀವಮಾನದಲ್ಲಿ ಮೊದಲ ಸಲ ಗಿರಾಕಿಯ ಪುಸ್ತಕದ ಒಳಗೆ ಕಣ್ಣಿಟ್ಟು ನೋಡಿದ.

ಬದಿಯ ಖಾಲಿ ಜಾಗದಲ್ಲೆಲ್ಲ ಇರುವೆ ಸಾಲಿನಂಥ ಬರಹ, ಹಾಳೆಯ ತುತ್ತತುದಿಯವರೆಗೂ ಬರೆದದ್ದು. ಈಗ ಪ್ರತಿ ಸಾಲಿನ ತುದಿಯೂ ಹೋಗಿತ್ತು. 'ಗಂಡು, ಬೆಳಿಗ್ಗೆ ಆರಕ್ಕೆ, ಅಳಲು ತಡ ಮಾ'. ಅಲ್ಲಿಗೆ ಅಲಗು. ಹಾಳೆ ಮಗುಚಿದರೆ ಆ ಕಡೆ ಸಾಲುಗಳ ತಲೆ ಹೋಗಿತ್ತು.

"ಅಯ್ಯೋ ನನ್ನ ಕೈ ಮುರೀಲಿ!" ಎಂದು ಕೂಗಿದ್ದು ಪಕ್ಕದ ಮನೆಗೂ ಕೇಳಿತಂತೆ. ಅಂಟಿನ ಏಪ್ರನ್ನಿನಲ್ಲೇ, ಬರಿಗಾಲಲ್ಲೇ ಬೀದಿಗೆ ಬಿದ್ದ. ಅರವತ್ತರ ಮನುಷ್ಯ ಕಿವಿ ಬಿಟ್ಟುಕೊಂಡು ಓಡುವುದನ್ನು ನೋಡಿ ಜನ ಅಂಗಡಿಯಿಂದ ಹೊರಬಂದರು. ಮೂರನೆಯ ತಿರುವಿನಲ್ಲಿ ರದ್ದಿಯವನ ಗಾಡಿ ಸಿಕ್ಕಿತು.

"ಅಣ್ಣಾ, ನನ್ನ ಚೀಲ ಕೊಡೋ!"

"ಕೊಟ್ಟಿದ್ದನ್ನ ಯಾರಾದರೂ ವಾಪಸ್ ಕೇಳ್ತಾರಾ ಮೊರಗಿವಿಯಣ್ಣ? ಬರೀ ಕಾಗದದ ಚೂರು."

"ಚೂರಲ್ಲ ಕಣೋ, ಜೀವ ಅದು," ಎಂದವನೇ ಚೀಲ ಬೆನ್ನಿಗೇರಿಸಿಕೊಂಡು ಬಂದ ದಾರಿಯಲ್ಲೇ ಓಡಿದ.

ಮಧ್ಯಾಹ್ನ ಹೆಂಡತಿ ಊರಿಂದ ಬಂದಾಗ ಗಂಡ ಕೋಣೆಯ ನಡುವೆ ಕಾಗದದ ಎಳೆಗಳ ರಾಶಿಯಲ್ಲಿ ಕುಳಿತಿದ್ದ. ತಲೆಯ ಮೇಲೂ ಎಳೆ, ಕಿವಿಯ ಮೇಲೂ ಎಳೆ. ಅವಳು ಚೀಲ ಕೆಳಗಿಡುವ ಮೊದಲೇ ನಕ್ಕುಬಿಟ್ಟಳು. "ಏನ್ರೀ ಇದು, ಕೋಳಿ ಕಾವಿಗೆ ಕೂತ ಹಾಗೆ?" ಅವನ ಮುಖ ನೋಡಿ ನಗು ನಿಂತಿತು. ಅವನು ಹೇಳಿದ. ಅವಳು ಪುಸ್ತಕ ಕೈಗೆತ್ತಿಕೊಂಡು ಎರಡು ಪುಟ ತಿರುವಿ, ಅಲ್ಲೇ ಕುರ್ಚಿಗೆ ಕುಸಿದಳು.

"ನಿಮಗೆ ಇದು ಏನು ಅಂತ ಗೊತ್ತಾ?" ಎಂದಳು. "ಹುಟ್ಟುವಾಗ ಕಷ್ಟಪಟ್ಟ ಮಕ್ಕಳನ್ನೆಲ್ಲ ನರ್ಸಮ್ಮ ಇದರಲ್ಲಿ ಬರೆದಿಟ್ಟಿದ್ದಾರೆ. ಆ ದಿನ ಯಾವ ಪುಟ ಓದ್ತಾ ಇದ್ದರೋ ಆ ಪುಟದ ಬದಿಗೆ. ಪ್ರತಿ ವರ್ಷ ಆ ಮಗುವಿನ ದಿನ ಬಂದಾಗ ಪುಟ ತೆಗೆದು ಪ್ರಾರ್ಥನೆ ಮಾಡಿ ಒಂದು ಚುಕ್ಕೆ ಇಡ್ತಾರೆ. ಚರ್ಚಿನ ಹೆಂಗಸರಿಗೆಲ್ಲ ಗೊತ್ತು." ಮೊದಲ ಖಾಲಿ ಹಾಳೆ ತೆಗೆದು ತೋರಿಸಿದಳು. ಹನ್ನೆರಡು ತಿಂಗಳು, ಪ್ರತಿ ತಿಂಗಳ ಕೆಳಗೆ ದಿನಾಂಕ, ಮುಂದೆ ಪುಟದ ಸಂಖ್ಯೆ.

ಅವನ ಕಣ್ಣು ಆ ಪಟ್ಟಿಯ ಮೇಲೆ ಬಿತ್ತು. ಯಾವ ತಿಂಗಳು, ಯಾವ ದಿನಾಂಕ ನೋಡಬೇಕೆಂದು ಅವನಿಗೆ ಗೊತ್ತಿತ್ತು. ಒಂದು ರಟ್ಟಿನ ತುಂಡು ತೆಗೆದು ಆ ಹಾಳೆಯ ಮೇಲೆ ಮುಚ್ಚಿ ಕ್ಲಿಪ್ಪು ಹಾಕಿದ. ಹೆಂಡತಿ ನೋಡಿದಳು.

"ಎಲ್ಲಾ ಎಳೆ ಇವೆ," ಎಂದ. "ಒಂದೊಂದೇ ಅಂಟಿಸ್ತೀನಿ. ಕನ್ನಡಕ ಬರೋಕೆ ಇನ್ನೂ ಎರಡು ವಾರ ಇದೆ."

"ಅಂಟಿಸಿ. ಆದರೆ ಮೊದಲು ಹೋಗಿ ಹೇಳಿ."

"ಮುಗಿದ ಮೇಲೆ ಹೇಳ್ತೀನಿ."

"ಮೊದಲು ಹೇಳ್ರೀ. ಎಷ್ಟು ವರ್ಷ ಅಂತ ಗೋಡೆ ನೋಡ್ಕೊಂಡು ನಿಲ್ತೀರಾ?" ಎಂದಳು ಕಡ್ಡಿ ಮುರಿದ ಹಾಗೆ. ಮೂವತ್ತೊಂದು ವರ್ಷದಲ್ಲಿ ಆ ಗೋಡೆಯ ಮಾತು ಮನೆಯಲ್ಲಿ ಬಂದದ್ದು ಅದೇ ಮೊದಲು. ಅವಳಿಗೆ ಅದು ಗೊತ್ತಿದೆಯೆಂಬುದೇ ಅವನಿಗೆ ಗೊತ್ತಿರಲಿಲ್ಲ.

ಭಾನುವಾರ ಚರ್ಚು ಬಿಟ್ಟ ಮೇಲೆ ಹೋದ. ನರ್ಸಮ್ಮ ಆಸ್ಪತ್ರೆಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ, ಕಪ್ಪು ಕನ್ನಡಕ ಹಾಕಿಕೊಂಡು, ಮಡಿಲಲ್ಲಿ ಖಾಲಿ ಕೈ ಇಟ್ಟುಕೊಂಡು ಕುಳಿತಿದ್ದಳು.

"ಯಾರು, ಬೈಂಡರಪ್ಪನಾ? ಅಂಟಿನ ವಾಸನೆ ಬಂತು," ಎಂದು ನಕ್ಕಳು. "ಕೂತ್ಕೋ. ಅದು ಇಲ್ಲದೆ ಕೈ ಕಳೆದುಕೊಂಡ ಹಾಗಿದೆ ನೋಡು. ಯಾರ್ಯಾರ ದಿನ ಬಂದು ಹೋಗ್ತಾ ಇದೆಯೋ, ಒಂದೂ ಸರಿಯಾಗಿ ನೆನಪಿಗೆ ಬರ್ತಾ ಇಲ್ಲ. ಬೇಗ ಕೊಡ್ತೀಯಲ್ಲಾ?"

ಬಾಯಿ ತೆರೆದ. 'ಕತ್ತರಿಸಿಬಿಟ್ಟೆ ನರ್ಸಮ್ಮ' ಎಂಬ ಎರಡು ಮಾತು ಗಂಟಲವರೆಗೆ ಬಂದವು. "ಕೊಡ್ತೀನಿ," ಎಂದು ಎದ್ದು ಬಂದ. ಬಾಗಿಲು ದಾಟುವಾಗ ತನ್ನ ಮೇಲೆ ತನಗೇ ಅಸಹ್ಯವಾಯಿತು. ಮನೆಯಲ್ಲಿ ಹೆಂಡತಿ ಮುಖ ನೋಡಿಯೇ ಅರ್ಥ ಮಾಡಿಕೊಂಡಳು, ಆ ದಿನವೆಲ್ಲ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟಳು.

ಸೋಮವಾರದಿಂದ ಕೆಲಸ ಶುರುವಾಯಿತು. ಅಲಗಿನಿಂದ ಉದುರಿದ ಎಳೆಗಳು ಕೆಲವು ಕಡೆ ಸಾಲಾಗಿ ಕಟ್ಟಿನಂತೆಯೇ ಉಳಿದಿದ್ದವು, ಹಲವು ಕಡೆ ಬೇರೆ ಚೂರುಗಳ ಜೊತೆ ಕಲಸಿಹೋಗಿದ್ದವು. ಹೆಂಡತಿ ಬರಹವಿದ್ದ ಎಳೆಗಳನ್ನು ಆರಿಸಿ ತಟ್ಟೆಗೆ ಹಾಕುತ್ತಿದ್ದಳು. ಇವನು ಚಿಮಟದಲ್ಲಿ ಒಂದನ್ನು ಎತ್ತಿ, ಅಕ್ಷರದ ಅರ್ಧ ಹಾಳೆಯಲ್ಲಿ, ಅರ್ಧ ಎಳೆಯಲ್ಲಿ ಸೇರುವ ಹಾಗೆ ಹೊಂದಿಸಿ, ಕಂಡೂ ಕಾಣದಂಥ ತೆಳು ಕಾಗದದ ಪಟ್ಟಿಯಲ್ಲಿ ಎರಡನ್ನೂ ಬೆಸೆಯಬೇಕು. ಯಾವ ಎಳೆ ಯಾವ ಹಾಳೆಯದೆಂದು ತಿಳಿಯಲು ಒಂದೇ ದಾರಿ. ಓದಬೇಕು. ಎರಡು ಕಡೆಯೂ, ಪ್ರತಿ ಸಾಲೂ.

ಮೊದಲ ದಿನ ಕಳ್ಳತನ ಮಾಡಿದಂತೆ ಬೆವರಿದ. ಎರಡನೆಯ ದಿನ ಅಷ್ಟಿಲ್ಲ. ಮೂರನೆಯ ದಿನ ಭೂತಗನ್ನಡಿಯ ಹಿಂದೆ ಕುಳಿತವನು ಇದ್ದಕ್ಕಿದ್ದಂತೆ ಗಹಗಹಿಸಿ ನಕ್ಕ.

"ಏನ್ರೀ?"

"ಕೇಳು. 'ಗಂಡು, ಬೆಳಿಗ್ಗೆ ಆರಕ್ಕೆ, ಅಳಲು ತಡ ಮಾಡಿದ. ಕರ್ತನೇ, ಇನ್ನು ಮೇಲೆ ಇವನ ಬಾಯಿ ಮುಚ್ಚದ ಹಾಗೆ ನೋಡಿಕೋ.' ದಿನಾಂಕ ನೋಡು, ಇದು ನಮ್ಮ ಬಸ್ ಕಂಡಕ್ಟರು!"

ಆ ಕಂಡಕ್ಟರನ ಬಾಯಿ ಹೇಗಿತ್ತೆಂದರೆ, ಪ್ರಾರ್ಥನೆ ಫಲಿಸಿದ್ದಕ್ಕೆ ಇಡೀ ಊರೇ ಸಾಕ್ಷಿ. ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಇನ್ನೊಂದು ಕಡೆ ಹೀಗಿತ್ತು: 'ಅವಳಿ. ಎರಡನೆಯದು ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ, ನನಗೂ. ನಿನಗೆ ಗೊತ್ತಿತ್ತು. ಒಂದು ಮಾತು ಹೇಳಬಹುದಿತ್ತು.' ಮತ್ತೊಂದು ಪುಟದಲ್ಲಿ ಮಗುವಿನ ಸುದ್ದಿಯೇ ಇಲ್ಲ. 'ಇವತ್ತು ನಿನ್ನ ಮೇಲೆ ಸಿಟ್ಟು ಬಂದಿದೆ. ನಾಳೆ ಮಾತಾಡುತ್ತೇನೆ.' ಅಷ್ಟೇ. ಅದನ್ನು ಅಂಟಿಸಿದ ಮೇಲೆ ಅವನು ಇನ್ನೊಮ್ಮೆ ಓದಿದ. ದೇವರ ಹತ್ತಿರ ಹೀಗೂ ಮಾತಾಡಬಹುದೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಅವನಿಗೂ ಸಿಟ್ಟು ಬಂದಿತ್ತು. ಅವನು ನಾಳೆ ಮಾತಾಡುತ್ತೇನೆಂದು ಸಹ ಹೇಳದೆ ಕೊನೆಯ ಬೆಂಚಿಗೆ ಹೋಗಿ ಕುಳಿತುಬಿಟ್ಟಿದ್ದ.

ತನ್ನ ಮಗುವಿನ ಪುಟ ಎಲ್ಲಿದೆಯೆಂದು ಪಟ್ಟಿ ತೆರೆದು ನೋಡಬಹುದಿತ್ತು, ನೋಡಲಿಲ್ಲ. ಮೊದಲಿನಿಂದ ಒಂದೊಂದೇ ಹಾಳೆ ಮುಗಿಸುತ್ತಾ ಬಂದ. ಪ್ರತಿ ಹಾಳೆ ಮಗುಚುವಾಗಲೂ ಕೈ ಒಂದು ಕ್ಷಣ ತಡೆಯುತ್ತಿತ್ತು. ಅರ್ಧ ಪುಸ್ತಕ ಕಳೆಯಿತು, ಮುಕ್ಕಾಲು ಕಳೆಯಿತು. ಹನ್ನೊಂದನೆಯ ದಿನ ಮಧ್ಯಾಹ್ನ ಹೆಂಡತಿ ಎರಡು ಲೋಟ ಚಹಾ ತಂದು ಮೇಜಿಗಿಟ್ಟಾಗ ಅವನು ಹಾಳೆ ಮಗುಚಿದ. ದಿನಾಂಕ ಕಂಡಿತು. ಸಾಲುಗಳ ಹೋದ ತುದಿಗಳನ್ನು ಊಹಿಸಿಕೊಳ್ಳುತ್ತಾ ಓದಿದ.

'ಹೆಣ್ಣು. ಉಸಿರಿರಲಿಲ್ಲ. ಅರ್ಧ ಗಂಟೆ ಪ್ರಯತ್ನಿಸಿದೆ. ತಲೆ ತುಂಬ ಕೂದಲು. ಗಲ್ಲ ತಾಯಿಯದು. ಅಪ್ಪ ಹೊರಗೆ ನಿಂತಿದ್ದ, ನೋಡಲ್ಲ ಅಂದ. ಅವನ ಮೇಲೆ ಬೇಸರಪಡಬೇಡ ಕರ್ತನೇ, ಅವನಿಗೆ ಆಗಲಿಲ್ಲ. ನೋಡಿದ್ದರೆ ಅವನಿಗೇ ಗೊತ್ತಾಗುತ್ತಿತ್ತು, ಮಗುವಿನ'

ಅಲ್ಲಿಗೆ ಅಲಗು.

ಕೆಳಗೆ ಚುಕ್ಕೆಗಳು. ಒಂದು ವರ್ಷವೂ ಬಿಟ್ಟುಹೋಗಿರಲಿಲ್ಲ, ಮೂವತ್ತು ಚುಕ್ಕೆಗಳು. ತಾನು ಆಚೆ ಬದಿಗೆ ದಾಟಿ ಹೋಗುತ್ತಿದ್ದ ಅಷ್ಟೂ ವರ್ಷ ಆ ಹೆಂಗಸು ತನ್ನ ಮಗಳ ದಿನವನ್ನು ಮರೆತಿರಲಿಲ್ಲ.

ಎಳೆ ಅಲ್ಲೇ ಇತ್ತು, ತಟ್ಟೆಯಲ್ಲಿ, ಚಿಮಟಕ್ಕೆ ಸಿಗುವ ಹಾಗೆ. ಚಿಮಟ ಎತ್ತಿಕೊಂಡ. ಅಂಟಿಸದೆ ಕೆಳಗಿಟ್ಟ. ಆಮೇಲೆ ಮೂವತ್ತೊಂದು ವರ್ಷದಲ್ಲಿ ಕೇಳದೆ ಉಳಿದದ್ದನ್ನು, ಹಾಳೆಯಿಂದ ಕಣ್ಣೆತ್ತದೆ, ಕೇಳಿಬಿಟ್ಟ.

"ಅವಳು ಹೇಗಿದ್ದಳು?"

ಹೆಂಡತಿ ತಟ್ಟೆ ಪಕ್ಕಕ್ಕಿಟ್ಟಳು. ಯಾರು ಎಂದು ಕೇಳಲಿಲ್ಲ.

"ಕೂದಲು ತುಂಬ ಇತ್ತು," ಎಂದಳು. "ಒದ್ದೆ ಕೂದಲು, ಹಣೆಗೆ ಅಂಟಿಕೊಂಡಿತ್ತು. ಬೆರಳು ಉದ್ದುದ್ದ. ಉಗುರು ಕೂಡ ಬೆಳೆದಿತ್ತು ರೀ, ಅಷ್ಟೊಂದು ಪೂರ್ತಿ ಆಗಿದ್ದಳು." ಅವನ ಕಡೆ ತಿರುಗಿದಳು. "ಮತ್ತೆ ಕಿವಿ."

"ಕಿವಿ?"

"ನಿಮ್ಮದೇ. ಅಷ್ಟು ಪುಟ್ಟ ತಲೆಗೆ ಎರಡು ಮೊರ. ನೋಡಿದ ಕೂಡಲೇ ನನಗೆ ನಗು ಬಂತು. ಆ ಹೊತ್ತಲ್ಲೂ ನಕ್ಕೆ, ನರ್ಸಮ್ಮನೂ ನಕ್ಕರು. ಆಮೇಲೆ ಇಬ್ಬರೂ ಅತ್ವಿ."

ಅವನ ಕೈ ತಾನಾಗಿ ತನ್ನ ಕಿವಿಗೆ ಹೋಯಿತು. ಮದುವೆಯಾದ ಮೂರನೆಯ ವರ್ಷಕ್ಕೆ ಆ ಹೆಸರು ಮನೆಯಲ್ಲಿ ಯಾಕೆ ನಿಂತಿತೆಂದು ಈಗ ತಿಳಿಯಿತು. ಗಾಂಭೀರ್ಯವಂತೆ, ಗಾಂಭೀರ್ಯ! ದಿನಾ ಬೆಳಗಾದರೆ ಅವಳು ಈ ಕಿವಿಗಳನ್ನು ನೋಡುತ್ತಿದ್ದಳು, ಯಾರನ್ನು ನೋಡುತ್ತಿದ್ದಳೆಂದು ಇವನಿಗೆ ಗೊತ್ತೇ ಇರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು. ಒಂದು ಸಲ ಕೇಳಿದ್ದರೂ ಹೇಳುತ್ತಿದ್ದಳು.

"ನನ್ನ ಕ್ಷಮಿಸೇ," ಎಂದ. ಅಷ್ಟರಲ್ಲಿ ಅಳು ಬಂದುಬಿಟ್ಟಿತು. ಮೇಜಿನ ಮೇಲೆ ತಲೆಯಿಟ್ಟು ಮಗುವಿನ ಹಾಗೆ ಅತ್ತ. ಹೆಂಡತಿ ಮೊದಲು ಮಾಡಿದ್ದೇನು ಗೊತ್ತೆ? ಕಣ್ಣೀರು ತಾಗದಂತೆ ಪುಸ್ತಕವನ್ನು ಆಚೆ ಸರಿಸಿದಳು. ಆಮೇಲೆ ಪಕ್ಕದಲ್ಲಿ ಕುಳಿತು, ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡು ತಾನೂ ಅತ್ತಳು. ಅಕ್ಕನ ಮನೆಗೆ ಹೋಗದೆ, ತನ್ನದೇ ಮನೆಯಲ್ಲಿ ಕುಳಿತು ಅವಳು ಅದಕ್ಕಾಗಿ ಅತ್ತದ್ದು ಅದೇ ಮೊದಲು. ಚಹಾ ಆರಿಹೋಯಿತು.

ಸಂಜೆಯೊಳಗೆ ಆ ಎಳೆಯನ್ನು ಅಂಟಿಸಿದ. 'ಕಿವಿ ಥೇಟ್ ಅವನದೇ' ಎಂದಿತ್ತು. ಅಷ್ಟು ಅಚ್ಚುಕಟ್ಟಾದ ಬೆಸುಗೆಯನ್ನು ಅವನು ಹಿಂದೆಯೂ ಹಾಕಿರಲಿಲ್ಲ, ಮುಂದೆಯೂ ಹಾಕಲಿಲ್ಲ.

ಪುಸ್ತಕ ಮುಗಿಯಿತು. ಈ ಸಲ ಅಂಚು ಬೆಣ್ಣೆಯಾಗಲಿಲ್ಲ. ಎಳೆಗಳು ಒಂದರ ಪಕ್ಕ ಒಂದು ತುಸು ಏರುಪೇರಾಗಿ ಕುಳಿತು, ಬೆರಳಾಡಿಸಿದರೆ ತರಿತರಿಯಾಗಿ ತಾಕುತ್ತಿತ್ತು. ಗಟ್ಟಿ ರಟ್ಟು, ಕರಿ ಬಟ್ಟೆಯ ಬೆನ್ನು ಹಾಕಿ, ಅದೇ ಗಂಟಿನ ಬಟ್ಟೆಯಲ್ಲಿ ಸುತ್ತಿ, ಗಂಡ ಹೆಂಡತಿ ಇಬ್ಬರೂ ಹೊರಟರು. ನರ್ಸಮ್ಮನಿಗೆ ಹಿಂದಿನ ದಿನವಷ್ಟೇ ಹೊಸ ಕನ್ನಡಕ ಬಂದಿತ್ತು. ಅದನ್ನು ಹಾಕಿಕೊಂಡು ಎಲ್ಲವನ್ನೂ, ಗೋಡೆಯ ಬಿರುಕನ್ನೂ, ಸಂತೋಷದಿಂದ ನೋಡುತ್ತಾ ಕುಳಿತಿದ್ದಳು.

ಪುಸ್ತಕ ಕೈಗಿಡುವ ಮೊದಲೇ ಅವನು ಹೇಳಿದ. ನಿಂತೇ ಹೇಳಿದ, ಅವಳ ಮುಖ ನೋಡಿಕೊಂಡೇ ಹೇಳಿದ.

"ನರ್ಸಮ್ಮ, ಒಳಗೆ ನೋಡದೆ ಅಂಚು ಕತ್ತರಿಸಿಬಿಟ್ಟೆ. ನಿಮ್ಮ ಬರಹ ಎಲ್ಲಾ ತುಂಡಾಯ್ತು. ಎಲ್ಲಾ ಎಳೆ ಹುಡುಕಿ ಅಂಟಿಸಿದೀನಿ, ಎರಡು ಮಾತ್ರ ಸಿಗಲಿಲ್ಲ. ಅಂಟಿಸೋಕೆ ಅಂತ ಪೂರ್ತಿ ಓದಬೇಕಾಯ್ತು. ಅವತ್ತೇ ಬಂದಿದ್ದೆ ಹೇಳೋಕೆ, ಬಾಯಿ ಬರಲಿಲ್ಲ."

ನರ್ಸಮ್ಮ ಪುಸ್ತಕ ತೆಗೆದುಕೊಂಡು ತೆರೆದಳು. ಒಂದು ಪುಟ, ಇನ್ನೊಂದು ಪುಟ. ಬೆಸುಗೆಯ ಮೇಲೆ ಬೆರಳು ಇಳಿಸಿದಳು. ಮುಖದ ಬಣ್ಣ ಇಳಿಯಿತು.

"ನನ್ನ ಎದೆಯನ್ನೇ ಕತ್ತರಿಸಿದ್ದೀಯಲ್ಲೋ," ಎಂದಳು ಕೊನೆಗೆ. ಸಿಟ್ಟು ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆಮೇಲೆ ಕನ್ನಡಕದ ಮೇಲಿಂದ ಅವನನ್ನು ದಿಟ್ಟಿಸಿದಳು. "ಪೂ...ರ್ತಿ ಓದಿದೆಯಾ?"

"ಓದಿದೆ."

"ನಿನ್ನ ಪುಟ?"

"ಓದಿದೆ ನರ್ಸಮ್ಮ. ಈ ವರ್ಷದ ಚುಕ್ಕೆ ಬಿಟ್ಟುಹೋಗಿದೆ. ಆ ದಿನ ಪುಸ್ತಕ ನನ್ನ ಹತ್ತಿರ ಇತ್ತು."

ನರ್ಸಮ್ಮ ಪಟ್ಟಿಯ ಹಾಳೆಯನ್ನೂ ನೋಡದೆ, ನೇರವಾಗಿ ಆ ಪುಟವನ್ನೇ ತೆಗೆದಳು. ದಿಂಬಿನ ಕೆಳಗಿಂದ ನೀಲಿ ಪೆನ್ನು ತೆಗೆದು ಅವನ ಮುಂದೆ ಹಿಡಿದಳು.

"ಇದು ನಾನು ಇಡೋದಲ್ಲ. ನೀನೇ ಇಡು."

ಅವನು ಅವಳ ಮಂಚದ ಪಕ್ಕ ಮಂಡಿಯೂರಿದ. ಪೆನ್ನು ಹಿಡಿದು ಕಣ್ಣು ಮುಚ್ಚಿದ. ಏನು ಹೇಳಿದನೋ, ಎಷ್ಟು ಹೇಳಿದನೋ, ತುಟಿ ಮಾತ್ರ ಬಹಳ ಹೊತ್ತು ಅಲುಗುತ್ತಿತ್ತು. ಮೂವತ್ತೊಂದು ವರ್ಷದ್ದು ಬಾಕಿಯಿತ್ತಲ್ಲ. ಹೆಂಗಸರಿಬ್ಬರೂ ಕಾದರು. ಕಣ್ಣು ಬಿಟ್ಟು ಮೂವತ್ತು ಚುಕ್ಕೆಗಳ ಪಕ್ಕ ಮೂವತ್ತೊಂದನೆಯದನ್ನು ಇಟ್ಟ. ಪೆನ್ನು ಹಿಂದಕ್ಕೆ ಕೊಡಲು ಹೋದವನು ತಡೆದು, ಬೆಸುಗೆಯ ಆಚೆ ಉಳಿದಿದ್ದ ಕಿರಿದಾದ ಜಾಗದಲ್ಲಿ, ಬೇರೆಯವರ ಪುಸ್ತಕದ ಒಳಗೆ, ಮೂರು ಪದ ಬರೆದ.

ಹೆಂಡತಿ ಬಗ್ಗಿ ಓದಿದಳು. 'ಅಪ್ಪ ಬಂದು ನೋಡಿದ.'

ಮನೆಗೆ ಹೋಗುವಾಗ ಬಿಸಿಲು ಎದುರಿಗಿತ್ತು. ಅವನು ಎಂದಿನಂತೆ ನಾಲ್ಕು ಹೆಜ್ಜೆ ಮುಂದೆ ಹೋಗಿಬಿಟ್ಟಿದ್ದ. ಹಿಂದೆ ಬರುತ್ತಿದ್ದ ಅವಳಿಗೆ, ಬೆಳಕು ಹಾದು ಕೆಂಪಾಗಿ ಹೊಳೆಯುವ ಆ ಎರಡು ಕಿವಿಗಳು ಕಂಡವು. ಬೀದಿಯಲ್ಲಿ ಜನರಿದ್ದಾರೆಂಬುದನ್ನೂ ನೋಡದೆ, ಬೇಗ ಬೇಗ ಹೆಜ್ಜೆ ಹಾಕಿ ಹಿಂದಿನಿಂದ ಬಂದು ಒಂದು ಕಿವಿಯನ್ನು ಹಿಡಿದು ಮೆಲ್ಲಗೆ ಎಳೆದಳು.

"ನಿಧಾನ ನಡೀರಿ ಮೊರಗಿವಿಯವರೇ," ಎಂದಳು. "ನಾನೂ ಬರ್ತಾ ಇದೀನಿ."